ಎಳೆ ಕಡಿಯದ ಹಾಗೆ: ಶಿಡ್ಲಘಟ್ಟದಲ್ಲಿ ಇದ್ದುಕೊಂಡು ತೈ ಚಿ ಕಲಿಯುವುದು ಹೇಗೆ

ನಮ್ಮ ಶಿಡ್ಲಘಟ್ಟದವರಿಗೆ ರೇಷ್ಮೆ ಬಗ್ಗೆ ಯಾರೂ ಪಾಠ ಮಾಡಬೇಕಾಗಿಲ್ಲ. ಗೂಡು ಬಿಸಿನೀರಿನಲ್ಲಿ ಬೆಂದ ಮೇಲೆ ತುದಿ ಹುಡುಕಿ, ನಾಲ್ಕಾರು ಎಳೆ ಸೇರಿಸಿ ಚರಕಕ್ಕೆ ಕೊಡುವುದನ್ನು ಚಿಕ್ಕಂದಿನಿಂದ ನೋಡಿದ್ದೇವೆ. ಜರ್ ಎಂದು ಎಳೆದರೆ ಕಡಿಯುತ್ತದೆ. ನಿಲ್ಲಿಸಿ ನಿಲ್ಲಿಸಿ ಎಳೆದರೆ ನೂಲು ಒಂದೇ ಸಮ ಬರುವುದಿಲ್ಲ. ಬೆಂಗಳೂರಿನಲ್ಲಿ ತೈ ಚಿ ಕ್ಲಾಸಿಗೆ ಹೋದ ಮೊದಲ ಭಾನುವಾರ ಮೇಷ್ಟ್ರು "ಗೂಡಿನಿಂದ ರೇಷ್ಮೆ ಎಳೆದ ಹಾಗೆ ಕೈ ಆಡಿಸಿ" ಎಂದರು. ಪಕ್ಕದ ಹುಡುಗರು ಮುಖ ಮುಖ ನೋಡಿಕೊಂಡರು, ನನಗೆ ಮಾತ್ರ ನಗು ಬಂತು. ಮೇಷ್ಟ್ರು ಸ್ವಂತವಾಗಿ ಕಟ್ಟಿದ ಹೋಲಿಕೆ ಅಲ್ಲ ಅದು, ಚೀನಾದವರು ಹಳೇ ಕಾಲದಿಂದ ಹೇಳಿಕೊಂಡು ಬಂದಿರುವ ಮಾತು.

ಮೊದಲು ಏನು ಕಲಿಯಲು ಹೊರಟಿದ್ದೀರಿ ಅಂತ ಗೊತ್ತಿರಲಿ. ಚೀನಾದ ಸಮರಕಲೆಗಳಲ್ಲಿ ತೈ ಚಿ, ಶಿಂಗ್ ಯಿ, ಬಾ ಗುವಾ ಈ ಮೂರನ್ನು ಒಳಗಿನ ಕಲೆಗಳು ಎನ್ನುತ್ತಾರೆ. ತೋಳಿನ ಬಲ ನಂಬದೆ, ಮೈ ಸಡಿಲ ಬಿಟ್ಟು, ಕಾಲಿನಿಂದ ಸೊಂಟಕ್ಕೆ, ಸೊಂಟದಿಂದ ಕೈಗೆ ಬಲ ಹರಿಸುವುದು ಇವುಗಳ ದಾರಿ. ಶಿಂಗ್ ಯಿ ನೇರವಾಗಿ ನುಗ್ಗುತ್ತದೆ, ಬಾ ಗುವಾದವರು ವೃತ್ತದ ಮೇಲೆ ಸುತ್ತು ಹಾಕುತ್ತಾ ಕಲಿಯುತ್ತಾರೆ. ನಮ್ಮ ಕಡೆಯಿಂದ ಹುಡುಕಿದರೆ ಮೇಷ್ಟ್ರು ಸಿಗುವ ಸಾಧ್ಯತೆ ಜಾಸ್ತಿ ಇರುವುದು ತೈ ಚಿಗೆ, ಅದಕ್ಕೇ ಇಲ್ಲಿ ಅದರದ್ದೇ ಮಾತು. ಇನ್ನೊಂದು ವಿಷಯ. ತೈ ಚಿ ಎಂಬ ಹೆಸರಿನ 'ಚಿ'ಗೂ ಪ್ರಾಣಶಕ್ತಿ ಎಂಬ ಅರ್ಥದ 'ಚಿ'ಗೂ ಸಂಬಂಧ ಇಲ್ಲ, ಚೀನೀ ಭಾಷೆಯಲ್ಲಿ ಅವು ಬೇರೆ ಬೇರೆ ಪದ. ಮುಟ್ಟದೇ ಎದುರಾಳಿಯನ್ನು ಹಾರಿಸುತ್ತೇನೆ ಎನ್ನುವವರ ವಿಡಿಯೋ ಬಂದರೆ ನಕ್ಕು ಮುಂದೆ ಹೋಗಿ.

ಶೈಲಿಗಳು ಮುಖ್ಯವಾಗಿ ಐದು. ಹೆನಾನ್ ಪ್ರಾಂತ್ಯದ ಚೆನ್ ಮನೆತನದ ಹಳ್ಳಿಯಲ್ಲಿ, 17ನೇ ಶತಮಾನದ ಚೆನ್ ವಾಂಗ್‌ಟಿಂಗ್ ಕಾಲದಿಂದ ಬಂದದ್ದು ಎನ್ನುವ ಚೆನ್ ಶೈಲಿ ಎಲ್ಲಕ್ಕಿಂತ ಹಳೆಯದು. ಅದೇ ಹಳ್ಳಿಯಲ್ಲಿ ಕಲಿತ ಯಾಂಗ್ ಲುಚಾನ್ ಬೀಜಿಂಗ್‌ಗೆ ಹೋಗಿ ಕಲಿಸಿದ. ಅವನ ಮೊಮ್ಮಗ ಯಾಂಗ್ ಚೆಂಗ್‌ಫು ಅದನ್ನು ಇನ್ನಷ್ಟು ನಿಧಾನ, ಸಮಾನ ಮಾಡಿ ಹರಡಿದ. ಇವತ್ತು ಜನ ಪಾರ್ಕಿನಲ್ಲಿ ಮಾಡುವುದು ಹೆಚ್ಚಾಗಿ ಈ ಯಾಂಗ್ ಶೈಲಿಯೇ. ಉಳಿದವು ಎರಡು ವೂ, ಒಂದು ಸುನ್. ಯಾವ ಶೈಲಿ ಅಂತ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಹತ್ತಿರದಲ್ಲಿ ಒಳ್ಳೆಯ ಮೇಷ್ಟ್ರು ಯಾವ ಶೈಲಿ ಕಲಿಸುತ್ತಾರೋ ಅದೇ ನಿಮ್ಮ ಶೈಲಿ.

ಮೇಷ್ಟ್ರು ಬೇಕೇ ಬೇಕಾ? ಬೇಕು. ನಾನು ಮೊದಲ ಮೂರು ತಿಂಗಳು ಮನೆ ಮೇಲೆ ತಾರಸಿಯಲ್ಲಿ ಮೊಬೈಲ್ ನೋಡಿಕೊಂಡು ಕಲಿತೆ. ವಿಡಿಯೋದವನು ಎಷ್ಟು ಕೆಳಗೆ ಕೂರುತ್ತಾನೋ ಅಷ್ಟೇ ಕೂರಬೇಕು ಎನ್ನುವ ಹಟ. ಬಲಗಾಲಿನ ಮೇಲೆ ಪೂರ್ತಿ ಭಾರ ಇಟ್ಟುಕೊಂಡೇ ಪಾದ ತಿರುಗಿಸುತ್ತಿದ್ದೆ, ಮಂಡಿ ತಿರುಚಿಕೊಂಡಿತು, ಎರಡು ತಿಂಗಳು ಮೆಟ್ಟಿಲು ಹತ್ತುವಾಗ ಗೋಡೆ ಹಿಡಿಯಬೇಕಾಯಿತು. ಆಮೇಲೆ ವಿಜಯಪುರ, ದೇವನಹಳ್ಳಿ ದಾಟಿ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗಲು ಶುರು ಮಾಡಿದೆ. ಪ್ರತಿ ವಾರ ಆಗದಿದ್ದರೆ ಹದಿನೈದು ದಿನಕ್ಕೊಮ್ಮೆ ಹೋದರೂ ಸಾಕು, ತಪ್ಪು ತಿದ್ದಿಸಿಕೊಂಡು ಬಂದು ಮನೆಯಲ್ಲಿ ಅಭ್ಯಾಸ ಮಾಡಬಹುದು. ಸೇರುವ ಮೊದಲು ಒಂದು ಕ್ಲಾಸ್ ಸುಮ್ನೆ ಕೂತು ನೋಡಿ. ಮೇಷ್ಟ್ರು ಯಾರ ಹತ್ತಿರ ಕಲಿತರು ಎಂದು ಕೇಳಿ, ಮುಚ್ಚುಮರೆ ಇಲ್ಲದೆ ಹೇಳಬೇಕು. ಶಿಷ್ಯರ ಮೈ ಮುಟ್ಟಿ ಭುಜ, ಸೊಂಟ ಸರಿಮಾಡುತ್ತಾರಾ? ಜೋಡಿ ಅಭ್ಯಾಸ ಮಾಡಿಸುತ್ತಾರಾ? ಹತ್ತು ವಾರಕ್ಕೆ ಸರ್ಟಿಫಿಕೇಟ್ ಕೊಡುತ್ತೇವೆ ಎಂದರೆ ವಾಪಸ್ ಬಸ್ ಹತ್ತಿ.

ಈಗ ಮನೆಯಲ್ಲಿ ಮಾಡುವುದು. ಮೊದಲ ಅಭ್ಯಾಸ ನಿಲ್ಲುವುದು. ಚೀನೀಯರು ಇದನ್ನು ಜಾನ್ ಜುವಾಂಗ್ ಎನ್ನುತ್ತಾರೆ, ಕಂಬದ ಹಾಗೆ ನಿಲ್ಲುವುದು ಅಂತ. ಪಾದಗಳು ಭುಜದಷ್ಟು ಅಗಲ, ನೇರ ಮುಂದಕ್ಕೆ. ಮಂಡಿ ಬೀಗ ಹಾಕಿದ ಹಾಗೆ ನೆಟ್ಟಗಿರಬಾರದು, ಸ್ವಲ್ಪ ಸಡಿಲ. ಎತ್ತರದ ಕಟ್ಟೆ ಮೇಲೆ ಇನ್ನೇನು ಕೂರಬೇಕು ಎನ್ನುವಾಗ ಸೊಂಟ ಹೇಗೆ ಬಿಡುತ್ತದೋ ಹಾಗೆ ಬಿಡಿ. ಗದ್ದ ಸ್ವಲ್ಪ ಒಳಗೆ. ಕೈಗಳು ಎದೆ ಮಟ್ಟದಲ್ಲಿ, ದಪ್ಪ ಮರ ತಬ್ಬಿಕೊಂಡ ಹಾಗೆ ದುಂಡಗೆ, ಮೊಣಕೈ ಭುಜಕ್ಕಿಂತ ಕೆಳಗೆ. ಉಸಿರು ಅದರ ಪಾಡಿಗೆ ಅದು ಇರಲಿ. ಮೊದಲ ವಾರ ಎರಡು ನಿಮಿಷ, ಆಮೇಲೆ ನಿಧಾನಕ್ಕೆ ಹತ್ತು ನಿಮಿಷ. ಒಂದು ನಿಮಿಷ ಕಳೆಯುವುದರಲ್ಲಿ ಭುಜ ತಾನಾಗೇ ಮೇಲೆ ಹತ್ತುತ್ತದೆ, ಇಳಿಸಿ, ಮತ್ತೆ ಹತ್ತುತ್ತದೆ, ಮತ್ತೆ ಇಳಿಸಿ, ಇಷ್ಟೇ ಅಭ್ಯಾಸ. ತೊಡೆ ನಡುಗಿದರೆ ಪರವಾಗಿಲ್ಲ. ಮಂಡಿ ನೋವಾದರೆ, ತಲೆ ಸುತ್ತಿದರೆ ಅವತ್ತಿಗೆ ಸಾಕು. ಪಕ್ಕದ ಮನೆ ಅಜ್ಜಿ ನನ್ನನ್ನು ವಾರಗಟ್ಟಲೆ ನೋಡಿ ಕೊನೆಗೆ "ಏನಪ್ಪಾ, ಯಾರಿಗೆ ಕಾಯ್ತಿದ್ದೀಯಾ?" ಎಂದು ಕೇಳಿದ್ದರು.

ಎರಡನೆಯದು ರೇಷ್ಮೆ ಎಳೆಯುವ ಅಭ್ಯಾಸ. ಚೆನ್ ಶೈಲಿಯವರು ಎಳೆ ಸುತ್ತುವುದು ಎನ್ನುತ್ತಾರೆ, ಯಾಂಗ್ ಕಡೆಯವರು ಎಳೆ ಎಳೆಯುವುದು ಎನ್ನುತ್ತಾರೆ. ಕಾಲು ಭುಜಕ್ಕಿಂತ ಸ್ವಲ್ಪ ಅಗಲ ಇಟ್ಟು ನಿಲ್ಲಿ. ಎಡಗೈ ಸೊಂಟದ ಮೇಲೆ. ಬಲಗೈ ಬಲಕ್ಕೆ ಚಾಚಿರಲಿ, ಭುಜದ ಎತ್ತರಕ್ಕೆ, ಅಂಗೈ ಹೊರಕ್ಕೆ, ಭಾರ ಬಲಗಾಲಿನ ಮೇಲೆ. ಈಗ ಮೊಣಕೈ ಇಳಿಯಲಿ, ಅಂಗೈ ಮೇಲ್ಮುಖ ಆಗುತ್ತಾ ಕೈ ಕೆಳಗಿನಿಂದ ಹೊಟ್ಟೆ ಮುಂದೆ ಬರಲಿ, ಅದೇ ಹೊತ್ತಿಗೆ ಭಾರ ಎಡಗಾಲಿಗೆ ಜಾರಲಿ. ಅಲ್ಲಿಂದ ಸೊಂಟ ಎಡಕ್ಕೆ ಸ್ವಲ್ಪ ತಿರುಗಿದಾಗ ಕೈ ಎದೆಯ ಎಡಬದಿಗೆ ಏರುತ್ತದೆ. ಆಮೇಲೆ ಅಂಗೈ ಹೊರಕ್ಕೆ ತಿರುಗುತ್ತಾ, ಸೊಂಟ ಬಲಕ್ಕೆ ತಿರುಗುತ್ತಾ, ಭಾರ ಬಲಕ್ಕೆ ಬರುತ್ತಾ ಕೈ ಮತ್ತೆ ಬಲಕ್ಕೆ ತೆರೆದುಕೊಳ್ಳುತ್ತದೆ. ಒಂದು ಸುತ್ತು ಆಯಿತು. ಎಲ್ಲೂ ನಿಲ್ಲಬಾರದು. ಗೂಡಿನ ಎಳೆ ಊರಿನ ಕಸುಬೇ ಆದರೂ ನಾನು ಒಂದು ವರ್ಷ ಇದನ್ನು ತಪ್ಪಾಗಿ ಮಾಡಿದೆ. ಕೈ ಚೆನ್ನಾಗಿ ಸುತ್ತುತ್ತಿತ್ತು, ಸೊಂಟ ಮಾತ್ರ ಸಿಮೆಂಟ್ ಕಂಬ. ಒಂದು ದಿನ ಮೇಷ್ಟ್ರು ನನ್ನ ಸೊಂಟ ಹಿಡಿದು "ಚರಕ ಇದು, ಕೈ ಬರೀ ನೂಲು, ನೂಲು ಚರಕವನ್ನು ತಿರುಗಿಸುತ್ತದಾ?" ಎಂದರು. ಅವತ್ತು ಅರ್ಥ ಆಯಿತು. ಪ್ರತಿ ಕೈಗೂ ಇಪ್ಪತ್ತು ಸುತ್ತು ಸಾಕು, ದಿನಾ ಮಾಡಿ.

ಇವೆರಡು ಒಂದೆರಡು ತಿಂಗಳು ಆದ ಮೇಲೆ ಹೆಜ್ಜೆ. ಮಳೆ ಬಿದ್ದ ಮೇಲೆ ಹಿಪ್ಪುನೇರಳೆ ತೋಟದ ಬದುವಿನ ಮೇಲೆ ನಡೆದಿದ್ದೀರಾ? ಮುಂದಿನ ಕಾಲು ಮೊದಲು ಸುಮ್ನೆ ಊರಿ ನೋಡುತ್ತೀರಿ, ಜಾರಲ್ಲ ಅಂತ ಗೊತ್ತಾದ ಮೇಲೇ ಭಾರ ಬಿಡುತ್ತೀರಿ. ತೈ ಚಿ ನಡಿಗೆ ಪೂರ್ತಿ ಅದೇ. ಹಿಮ್ಮಡಿ ಮೊದಲು, ಖಾಲಿ ಕಾಲು, ಆಮೇಲೆ ಭಾರ. ಪಾದ ತಿರುಗಿಸಬೇಕೆಂದರೆ ಮೊದಲು ಅದರ ಮೇಲಿನ ಭಾರ ತೆಗೆಯಿರಿ. ಮಂಡಿ ಯಾವಾಗಲೂ ಕಾಲ್ಬೆರಳು ನೋಡುವ ದಿಕ್ಕಿಗೇ ಬಾಗಲಿ, ಬೆರಳಿನ ತುದಿ ದಾಟಬಾರದು. ನನ್ನ ಎರಡು ತಿಂಗಳ ಮಂಡಿ ನೋವು ಇಷ್ಟು ಗೊತ್ತಿಲ್ಲದ್ದಕ್ಕೆ ಬಂದದ್ದು.

ಆಮೇಲೆ ಫಾರ್ಮ್, ಅಂದರೆ ಭಂಗಿಗಳ ಸರಣಿ. ಯಾಂಗ್ ಶೈಲಿ ಸಿಕ್ಕರೆ 24 ಭಂಗಿಗಳದ್ದು ಹಿಡಿಯಿರಿ. 1956ರಲ್ಲಿ ಚೀನಾದ ಕ್ರೀಡಾ ಆಯೋಗ ಜನಸಾಮಾನ್ಯರಿಗಾಗಿಯೇ ಇದನ್ನು ಚಿಕ್ಕದು ಮಾಡಿ ಕೂಡಿಸಿತು, ಪೂರ್ತಿ ಮಾಡಲು ಐದಾರು ನಿಮಿಷ. ಕಾಡುಕುದುರೆಯ ಕೇಸರ ಬಿಡಿಸುವುದು, ಬಿಳಿ ಕೊಕ್ಕರೆ ರೆಕ್ಕೆ ಹರಡುವುದು, ಮೋಡದ ಹಾಗೆ ಕೈ ಆಡಿಸುವುದು ಎಲ್ಲ ಇದರಲ್ಲಿ ಬರುತ್ತವೆ. ವಾರಕ್ಕೆ ಒಂದೇ ಭಂಗಿ. ಆರು ತಿಂಗಳು ಹಿಡಿಯುತ್ತದೆ, ಹಿಡಿಯಲಿ. ಹದಿನೈದು ದಿನದಲ್ಲಿ 24ನ್ನೂ ಬಾಯಿಪಾಠ ಮಾಡಿದ ಗೆಳೆಯ ಒಬ್ಬ ಇದ್ದಾನೆ, ಅವನು ಮಾಡುವುದನ್ನು ನೋಡಿದರೆ ಯಾರೋ ಟ್ರಾಫಿಕ್ ನಿಯಂತ್ರಿಸುತ್ತಿದ್ದಾರೆ ಅನಿಸುತ್ತದೆ. ವಿಡಿಯೋ ಈಗ ಉಪಯೋಗಕ್ಕೆ ಬರುತ್ತದೆ, ಮರೆತದ್ದು ನೆನಪಿಸಿಕೊಳ್ಳಲು, ಮತ್ತೆ ನಿಮ್ಮದೇ ವಿಡಿಯೋ ತೆಗೆದು ಭುಜ ಎಲ್ಲಿ ಏರಿದೆ ಎಂದು ನೋಡಲು.

ಬೂಟು ದಪ್ಪ ಅಟ್ಟೆಯದ್ದು ಬೇಡ, ತೆಳು ಕ್ಯಾನ್ವಾಸ್ ಸಾಕು. ರೇಷ್ಮೆ ಬಟ್ಟೆಯ ಡ್ರೆಸ್ಸೂ ಬೇಡ, ನಮ್ಮ ಊರಿನಲ್ಲೇ ಇದ್ದುಕೊಂಡು ಹೇಳುತ್ತಿದ್ದೇನೆ. ಡಿಸೆಂಬರ್ ಚಳಿಯಲ್ಲಿ ಬೆಳಗ್ಗೆ ಹೊರಗೆ ನಿಲ್ಲುವ ಮೊದಲು ಐದು ನಿಮಿಷ ನಡೆದು ಮೈ ಬಿಸಿ ಮಾಡಿಕೊಳ್ಳಿ.

ಕೊನೆಯದು ಜೋಡಿ ಅಭ್ಯಾಸ, ತುಯ್ ಶೌ, ಕೈ ತಳ್ಳುವುದು. ಇದಿಲ್ಲದಿದ್ದರೆ ತೈ ಚಿ ಬರೀ ನಿಧಾನದ ವ್ಯಾಯಾಮ. ಇಬ್ಬರೂ ಎದುರುಬದುರು ನಿಂತು, ಒಂದು ಕಾಲು ಮುಂದಿಟ್ಟು, ಬಲ ಮಣಿಕಟ್ಟು ಪರಸ್ಪರ ತಾಗಿಸಿ. ಒಬ್ಬರು ನಿಧಾನಕ್ಕೆ ತಳ್ಳುತ್ತಾರೆ, ಇನ್ನೊಬ್ಬರು ಭಾರ ಹಿಂದಕ್ಕೆ ತಂದು ಸೊಂಟ ತಿರುಗಿಸಿ ಆ ಬಲವನ್ನು ಪಕ್ಕಕ್ಕೆ ಜಾರಿಸುತ್ತಾರೆ, ಆಮೇಲೆ ಅವರ ಸರದಿ. ತೋಳು ಬಾವಿಯಲ್ಲಿ ಈಜು ಕಲಿಯುವಾಗ ಇಟ್ಟುಕೊಳ್ಳುತ್ತಿದ್ದ ಲಾರಿ ಟ್ಯೂಬ್ ಹಾಗಿರಬೇಕು. ಅದುಮಿದರೆ ಅಷ್ಟೇ ತಗ್ಗುತ್ತದೆ, ಕುಸಿಯುವುದಿಲ್ಲ, ಎದುರು ಗುದ್ದುವುದೂ ಇಲ್ಲ. ಈ ತುಂಬಿದ ಗುಣಕ್ಕೆ ಪೆಂಗ್ ಎನ್ನುತ್ತಾರೆ. ನನ್ನ ಜೊತೆ ಮಾಡುವುದು ಬಾಮೈದ. ಅವನಿಗೆ ತೈ ಚಿ ಒಂದಕ್ಷರ ಗೊತ್ತಿಲ್ಲ, ಆದರೆ ರೀಲಿಂಗ್ ಕೆಲಸ ಮಾಡಿದ ಕೈ, ಎಳೆ ಬಿಗಿ ಆಗುವುದು ಬೆರಳಿಗೇ ಗೊತ್ತಾಗುತ್ತದೆ. ನಾನು ಗಟ್ಟಿಯಾದ ಕ್ಷಣ "ಭಾವ, ಕಡೀತು" ಅನ್ನುತ್ತಾನೆ. ಕೈ ಬಿಟ್ಟು, ತುದಿ ಹುಡುಕಿಕೊಂಡು, ಮತ್ತೆ ಶುರು ಮಾಡುತ್ತೇವೆ.