ಟಿಗ್ ಕರೆಂಟನ್ನು ಮಂಡಿಗೆ ಒಪ್ಪಿಸಿದ್ದು: ನನ್ನ ಅನುಭವ

ಟಿಗ್ ವೆಲ್ಡಿಂಗ್ ಅಂದರೆ ಟಂಗ್‌ಸ್ಟನ್ ಕಡ್ಡಿಯ ತುದಿಯಿಂದ ಲೋಹಕ್ಕೆ ಹಾರುವ ವಿದ್ಯುತ್ ಜ್ವಾಲೆಯಲ್ಲಿ (ಅದೇ ಆರ್ಕ್) ಲೋಹ ಕರಗಿಸಿ, ಗಾಳಿ ತಾಗದಂತೆ ಆರ್ಗಾನ್ ಗ್ಯಾಸ್ ಹೊದಿಸಿ ಬೆಸೆಯುವುದು. ಅದನ್ನು ಮಾಡುವಾಗ ಎರಡು ಕೈಗೂ ಪುರುಸೊತ್ತಿರುವುದಿಲ್ಲ. ಒಂದರಲ್ಲಿ ಆ ಟಂಗ್‌ಸ್ಟನ್ ಇರುವ ಹಿಡಿ, ಅಂದರೆ ಟಾರ್ಚ್, ಇನ್ನೊಂದರಲ್ಲಿ ಬೆಸುಗೆಗೆ ಕರಗಿಸಿ ತುಂಬುವ ಫಿಲ್ಲರ್ ರಾಡ್. ಹಾಗಾಗಿ ಕರೆಂಟ್ ಏರಿಸಿ ಇಳಿಸುವ ಕೆಲಸ ಕಾಲಿನ ಪಾಲಿಗೆ ಬಂತು. ಬೆಂಚಿನ ಮುಂದೆ ಕೂತು ಮಾಡುವ ಕೆಲಸಕ್ಕೆ ಫುಟ್ ಪೆಡಲ್‌ನಷ್ಟು ಒಳ್ಳೆಯದು ಇನ್ನೊಂದಿಲ್ಲ. ಈಗಲೂ ಅದೇ ನನ್ನ ಅಭಿಪ್ರಾಯ.

ನನಗೆ ಕಷ್ಟ ಶುರುವಾಗಿದ್ದು ಪೈಪ್ ಫ್ರೇಮ್‌ಗಳ ಕೆಲಸ ಹಿಡಿದಾಗ. ಒಂದು ಜಾಯಿಂಟ್ ಸೊಂಟದ ಮಟ್ಟದಲ್ಲಿ, ಇನ್ನೊಂದು ತಲೆಯ ಮೇಲೆ, ಮತ್ತೊಂದಕ್ಕೆ ನೆಲದ ಮೇಲೆ ಮಲಗಬೇಕು. ನಿಂತು ಪೆಡಲ್ ಒತ್ತಿದರೆ ಮೈಭಾರವೆಲ್ಲ ಒಂದೇ ಕಾಲಿಗೆ. ಪಾದ ಅಲುಗಿದರೆ ಸೊಂಟ ಅಲುಗುತ್ತದೆ, ಸೊಂಟ ಅಲುಗಿದರೆ ಟಾರ್ಚೂ ಅಲುಗುತ್ತದೆ. ಟಂಗ್‌ಸ್ಟನ್ ತುದಿಗೂ ಲೋಹಕ್ಕೂ ನಡುವೆ ಇರುವುದೇ ಎರಡು ಮೂರು ಮಿ.ಮೀ. ತುದಿ ಲೋಹದಲ್ಲಿ ಅದ್ದಿತು ಅಂದರೆ ಅದನ್ನು ಮತ್ತೆ ಚೂಪು ಮಾಡಲು ಎದ್ದು ಗ್ರೈಂಡರ್ ಹತ್ತಿರ ಹೋಗಬೇಕು. ಮಲಗಿದಾಗಂತೂ ಪೆಡಲನ್ನು ತೊಡೆಯ ಕೆಳಗೆ, ಮೊಣಕೈ ಕೆಳಗೆ ಎಲ್ಲ ಕಡೆ ಸಿಕ್ಕಿಸಿ ನೋಡಿದ್ದೇನೆ. ಯಾರಾದರೂ ನೋಡಿದ್ದರೆ ನಕ್ಕಿರುತ್ತಿದ್ದರು.

ಮೊದಲು ಟಾರ್ಚಿಗೇ ಹಾಕುವ ಪುಟ್ಟ ಚಕ್ರ ತಂದೆ. ಹೆಬ್ಬೆರಳಿನಿಂದ ತಿರುಗಿಸಿದರೆ ಕರೆಂಟ್ ಏರುತ್ತದೆ, ಇಳಿಯುತ್ತದೆ. ಸ್ಟೀಲ್‌ಗೆ ಪರವಾಗಿಲ್ಲ, ಒಮ್ಮೆ ಇಟ್ಟರೆ ಮತ್ತೆ ಅಷ್ಟಾಗಿ ಮುಟ್ಟಬೇಕಿಲ್ಲ. ಅಲ್ಯೂಮಿನಿಯಂ ಹಾಗಲ್ಲ. ಅದು ಶಾಖವನ್ನು ಬೇಗ ಎಳೆದುಕೊಳ್ಳುತ್ತದೆ. ಶುರುವಿಗೆ ಜಾಸ್ತಿ ಕರೆಂಟ್ ಬೇಕು, ತುಂಡು ಪೂರ್ತಿ ಬಿಸಿಯಾದ ಮೇಲೆ ಇಳಿಸುತ್ತಾ ಬರಬೇಕು. ಕೊನೆಗೆ ತಟ್ಟನೆ ಆರಿಸಿದರೆ ಬೀಡ್‌ನ (ಬೆಸುಗೆಯ ಗೆರೆಯ) ತುದಿಯಲ್ಲಿ ಗುಳಿ ಬಿದ್ದು ಬಿರುಕು ಬಿಡುತ್ತದೆ. ಇಷ್ಟೆಲ್ಲವನ್ನೂ ಟಾರ್ಚ್ ಹಿಡಿದ ಕೈಯ ಹೆಬ್ಬೆರಳೇ ಮಾಡಬೇಕು ಅಂದರೆ ಆರ್ಕ್ ಉದ್ದ ನಿಲ್ಲುವುದಿಲ್ಲ. ಚಕ್ರ ಬಿಚ್ಚಿ ಇಟ್ಟೆ.

ಆಮೇಲೆ ವೈರ್‌ಲೆಸ್ ಪೆಡಲ್. ಮಷಿನ್‌ನ ರಿಮೋಟ್ ಸಾಕೆಟ್‌ಗೆ ಒಂದು ರಿಸೀವರ್ ಸಿಕ್ಕಿಸುವುದು, ಪೆಡಲ್‌ಗೆ ಬ್ಯಾಟರಿ. ಕೇಬಲ್ ಎಡವುವ ಕಾಟ ತಪ್ಪಿತು, ಕಿಡಿ ಬಿದ್ದು ಸುಡುವ ಭಯವೂ ಇಲ್ಲ. ಅದನ್ನು ಬಳಸುವವರು ಮೊದಲ ದಿನವೇ ಒಂದು ಪರೀಕ್ಷೆ ಮಾಡಿ. ಕರೆಂಟ್ ಕಡಿಮೆ ಇಟ್ಟು ಆರ್ಕ್ ಹೊಡೆದು, ಇನ್ನೊಬ್ಬರ ಕೈಯಲ್ಲಿ ಪೆಡಲ್‌ನ ಬ್ಯಾಟರಿ ತೆಗೆಸಿ. ಆರ್ಕ್ ತಾನಾಗಿ ಆರಬೇಕು. ಆರದಿದ್ದರೆ ಆ ಪೆಡಲ್ ಬೇಡವೇ ಬೇಡ. ಇನ್ನೊಂದು ವಿಷಯ: ಆರ್ಕ್ ಹೊತ್ತಿಸುವ ಹೈ ಫ್ರೀಕ್ವೆನ್ಸಿ ಸುತ್ತಲಿನ ಎಲೆಕ್ಟ್ರಾನಿಕ್ಸ್‌ಗೆಲ್ಲ ಕಾಟ ಕೊಡುತ್ತದೆ. ರಿಸೀವರ್ ಮೇಲೆ ಟಾರ್ಚ್ ಕೇಬಲ್ ಸುತ್ತಿ ಇಡಬೇಡಿ.

ಒಂದು ವಾರ ಖುಷಿಯಲ್ಲಿದ್ದೆ. ಆಮೇಲೆ ಗೊತ್ತಾಯಿತು, ವೈರ್ ಹೋಗಿದೆ, ಪಾದದ ಕೆಲಸ ಹೋಗಿಲ್ಲ. ನಿಂತಾಗ ಅದೇ ಅಲುಗಾಟ.

ಹಾಗಾದರೆ ಮೈಯಲ್ಲಿ ಸುಮ್ನೆ ಇರುವ ಜಾಗ ಯಾವುದು? ಕೂತರೂ, ನಿಂತರೂ, ಮಲಗಿದರೂ ಮಂಡಿಗೆ ದೊಡ್ಡ ಕೆಲಸವಿಲ್ಲ. ಎರಡು ಮಂಡಿ ಒತ್ತಿದರೆ ಸೊಂಟದಿಂದ ಮೇಲೆ ಏನೂ ಅಲುಗುವುದಿಲ್ಲ. ಈಗಲೇ ಮಾಡಿ ನೋಡಿ.

ಮೂಲೆಯಲ್ಲಿದ್ದ ಹಳೆಯ ವೈರಿನ ಪೆಡಲನ್ನು ಬಿಚ್ಚಿದೆ. ಒಳಗೆ ಇರುವುದು ಎರಡೇ ವಸ್ತು. ಆರ್ಕ್ ಶುರು ಮಾಡುವ ಒಂದು ಮೈಕ್ರೋಸ್ವಿಚ್, ಕರೆಂಟ್ ಎಷ್ಟು ಅಂತ ಹೇಳುವ ಒಂದು ಪೊಟೆನ್ಷಿಯೋಮೀಟರ್. ನನ್ನದು 10 ಕಿಲೋಓಮ್. ಎಲ್ಲ ಮಷಿನ್‌ಗೂ ಇದೇ ಅಲ್ಲ, ಮೀಟರ್ ಇಟ್ಟು ನೋಡಿಕೊಳ್ಳಿ. ಎರಡು ಪ್ಲೈವುಡ್ ತುಂಡಿಗೆ ಒಂದು ಬದಿ ಕೀಲು ಹಾಕಿ, ನಡುವೆ ಸ್ಪ್ರಿಂಗ್ ಇಟ್ಟು, ಪೆಡಲ್‌ನ ಹಲ್ಲುಪಟ್ಟಿಯನ್ನೇ ಅದಕ್ಕೆ ಕೂರಿಸಿದೆ. ಹೊರಗೆ ಸ್ಪಂಜು. ಬೆಲ್ಟಿನಿಂದ ಒಂದು ತೊಡೆಗೆ, ಮಂಡಿಯ ಸ್ವಲ್ಪ ಮೇಲೆ, ಒಳಬದಿಗೆ ಕಟ್ಟಿಕೊಂಡರೆ ಇನ್ನೊಂದು ಮಂಡಿಯಿಂದ ಒತ್ತಬಹುದು. ಕಾಲು ಅಗಲಿಸಿ ಕೂರಬೇಕಾದಾಗ ಫ್ರೇಮ್‌ನ ಪೈಪಿಗೇ ಒತ್ತುತ್ತೇನೆ.

ಮೊದಲ ಸಲವೇ ಎಡವಟ್ಟು. ಪೊಟೆನ್ಷಿಯೋಮೀಟರ್‌ನ ಆಚೀಚೆ ವೈರ್ ಅದಲುಬದಲಾಗಿತ್ತು. ಮಷಿನ್‌ನ ಪ್ಯಾನೆಲ್‌ನಲ್ಲಿ 120 ಆಂಪ್ಸ್ ಇತ್ತು. ಒಂದೂವರೆ ಮಿ.ಮೀ. ಸ್ಟೇನ್‌ಲೆಸ್ ಮೇಲೆ ಮೆಲ್ಲಗೆ ಮಂಡಿ ತಾಗಿಸಿದೆ, ಟಕ್ ಅಂತ ಸ್ವಿಚ್ ಹತ್ತಿತು, ಪೂರ್ತಿ 120 ಒಮ್ಮೆಗೇ ಬಂತು. ನೋಡನೋಡುತ್ತಿದ್ದಂತೆ ತೂತು. ಗಾಬರಿಯಲ್ಲಿ ಇನ್ನೂ ಗಟ್ಟಿಯಾಗಿ ಒತ್ತಿದೆ, ಆಗ ಕರೆಂಟ್ ಇಳಿಯಿತು! ಅಲ್ಲಿಗೆ ಕಾರಣ ಹೊಳೆಯಿತು. ಈಗ ಏನೇ ಬಿಚ್ಚಿ ಜೋಡಿಸಿದರೂ ಮೊದಲ ಆರ್ಕ್ 30 ಆಂಪ್ಸ್‌ನಲ್ಲಿ, ಗುಜರಿ ತುಂಡಿನ ಮೇಲೆ.

ವೈರ್ ಸರಿ ಮಾಡಿದ ಮೇಲೂ ಕರೆಂಟ್ ನೆಗೆಯುತ್ತಿತ್ತು. ಸ್ಪ್ರಿಂಗ್ ಮೇಲೆ ಅನುಮಾನಪಟ್ಟೆ, ತಪ್ಪು ಪ್ಯಾನೆಲ್‌ನಲ್ಲಿತ್ತು. ಪ್ಯಾನೆಲ್‌ನಲ್ಲಿ ಇಡುವುದು ಗರಿಷ್ಠ ಕರೆಂಟ್, ಅಲ್ವಾ? ಮಂಡಿಯ ಚಲನೆ ಹೆಚ್ಚೆಂದರೆ 3 ಸೆಂ.ಮೀ. ಅಲ್ಲಿ 200 ಇಟ್ಟರೆ ಒಂದು ಮಿ.ಮೀ. ಒತ್ತಿದ್ದಕ್ಕೆ ಹತ್ತಿರ ಹತ್ತಿರ 7 ಆಂಪ್ಸ್ ಏರುತ್ತದೆ. 80 ಇಟ್ಟರೆ 3ಕ್ಕಿಂತ ಕಡಿಮೆ. ಬೇಕಾದ್ದು 60 ಆದರೆ 80 ಸಾಕು. ಸ್ಟೀಲ್‌ಗೆ ಒಂದು ಮಿ.ಮೀ. ದಪ್ಪಕ್ಕೆ ಸುಮಾರು 40 ಆಂಪ್ಸ್ ಅನ್ನುವ ಲೆಕ್ಕದಿಂದ ಶುರು ಮಾಡಿ, ಮೇಲೆ ಸ್ವಲ್ಪ ಬಿಟ್ಟುಕೊಳ್ಳುತ್ತೇನೆ.

ಅಭ್ಯಾಸಕ್ಕೆ ಹದಿನೈದು ದಿನ ಹಿಡಿಯಿತು. ಮಂಡಿ ಸಡಿಲಿಸಿದ ತಕ್ಷಣ ಮೈಯೂ ಸಡಿಲವಾಗಿ ಟಾರ್ಚ್ ಮೇಲಕ್ಕೆ ಎದ್ದುಬಿಡುತ್ತಿತ್ತು. ಆರ್ಗಾನ್ ಹೊದಿಕೆ ತಪ್ಪಿ ಬೀಡ್ ತುದಿ ಬೂದು ಬಣ್ಣಕ್ಕೆ ತಿರುಗುತ್ತಿತ್ತು. 10 ಆಂಪ್ಸ್‌ಗೆ ಒಂದು ಸೆಕೆಂಡಿನಂತೆ 80ಕ್ಕೆ ಆರ್ಕ್ ಆರಿದ ಮೇಲೂ 8 ಸೆಕೆಂಡ್ ಗ್ಯಾಸ್ ಬಿಟ್ಟು, ಅಷ್ಟು ಹೊತ್ತು ಬಾಯಲ್ಲಿ ಎಣಿಸುತ್ತಾ ಟಾರ್ಚ್ ಹಿಡಿದಿಡುವುದನ್ನು ಕಲಿತೆ.

ಏಣಿ ಹತ್ತಿದಾಗ ಮಾತ್ರ ಮಂಡಿಯದ್ದನ್ನು ಬಿಚ್ಚಿ ಇಡುತ್ತೇನೆ. ಅಲ್ಲಿ ಕಾಲಿಗೆ ನಿಲ್ಲುವುದೊಂದೇ ಕೆಲಸ ಇರಲಿ. ಟಾರ್ಚ್ ಸ್ವಿಚ್, 4ಟಿ (ಒಮ್ಮೆ ಒತ್ತಿ ಬಿಟ್ಟರೆ ಆರ್ಕ್ ಉರಿಯುತ್ತಿರುತ್ತದೆ, ಮತ್ತೆ ಒತ್ತಿ ಬಿಟ್ಟರೆ ಆರುತ್ತದೆ), ಡೌನ್‌ಸ್ಲೋಪ್, ಅಂದರೆ ಕೊನೆಗೆ ಕರೆಂಟ್ ತಾನಾಗಿ ಮೆಲ್ಲಗೆ ಇಳಿಯುವ ಹೊತ್ತು, 4 ಸೆಕೆಂಡ್. ಸ್ಟೀಲ್ ಪೈಪಿಗೆ ಅಷ್ಟು ಧಾರಾಳ ಸಾಕು.