ಎರಡಕ್ಷರ ಹಿಂದೆ ಬರೆಯುವುದು: ಸಿಗ್ನಲ್ ರೂಮಿನಿಂದ ಆಫೀಸರ್ ಆದ ನನ್ನ ಅನುಭವ

ಮೋರ್ಸ್ (ಚುಕ್ಕಿ-ಗೆರೆಯ ದನಿಸಂಕೇತ) ಬರೆದು ಪಳಗಿದ ಕಿವಿಯಿಂದಲೇ ಇಂಗ್ಲಿಷ್ ಕಲೀತೀನಿ, ಅದೇ ಇಂಗ್ಲಿಷ್‌ನಲ್ಲಿ ಆಫೀಸರ್ ಆಯ್ಕೆಯ ಬೋರ್ಡ್ ಪಾಸ್ ಮಾಡ್ತೀನಿ ಅಂದಾಗ ನಮ್ಮ ನೌಕಾಪಡೆಯ ಮೆಸ್‌ನಲ್ಲಿ ಯಾರೂ ನಂಬಲಿಲ್ಲ. "ಕನ್ನಡ ಮೀಡಿಯಂ ಹುಡುಗ, ಸುಮ್ನೆ ಟೈಮ್ ಹಾಳು ಮಾಡ್ಕೋಬೇಡ" ಅಂತ ಸೀನಿಯರ್ ಒಬ್ಬರು ಪ್ರೀತಿಯಿಂದಲೇ ಹೇಳಿದ್ದರು. ನಾನು ಲೆಫ್ಟಿನೆಂಟ್ ಕಮಾಂಡರ್ ಆಗಿ ನಿವೃತ್ತನಾದೆ. ಅದಕ್ಕೇ ಈ ಬರಹ.

ನಾವಿಕನಾಗಿ ಸೇರಿದ್ದು 1980ರ ದಶಕದ ಕೊನೆಯಲ್ಲಿ. ಮೊದಲು ಒಡಿಶಾದ ತರಬೇತಿ ಕೇಂದ್ರ ಐಎನ್‌ಎಸ್ ಚಿಲ್ಕಾ, ಆಮೇಲೆ ಕೊಚ್ಚಿಯ ಸಿಗ್ನಲ್ ಸ್ಕೂಲ್. ಪರೇಡು, ಓಟ, ಶಿಕ್ಷೆ ಎಲ್ಲ ನಿಮಗೂ ಗೊತ್ತಿರುವುದೇ, ಬಿಡಿ. ನನಗೆ ಕಾಡಿದ್ದು ಮೋರ್ಸ್. ನಿಮಿಷಕ್ಕೆ ಹತ್ತು ಹನ್ನೆರಡು ಪದದವರೆಗೆ ಎಲ್ಲರೂ ಬರುತ್ತಾರೆ. ಅಲ್ಲಿಂದ ಮುಂದೆ ಗೋಡೆ. ಎಲ್ ಮತ್ತು ಎಫ್ ಒಂದಕ್ಕೊಂದು ತಿರುಗುಮುರುಗು: ಡಿ-ಡಾ-ಡಿ-ಡಿ, ಡಿ-ಡಿ-ಡಾ-ಡಿ. ಡಾಟು ಡ್ಯಾಷು ಎಣಿಸುತ್ತಾ ಕೂತರೆ ಅಷ್ಟರಲ್ಲಿ ಮುಂದಿನ ಎರಡಕ್ಷರ ಹೋಗಿಯೇಬಿಟ್ಟಿರುತ್ತದೆ. ಐದೈದು ಅಕ್ಷರದ ಸೈಫರ್ (ಗೂಢಲಿಪಿ) ಗುಂಪು ಬಂದರಂತೂ ಊಹೆಗೂ ದಾರಿ ಇಲ್ಲ, ಅಲ್ವಾ?

ಗೋಡೆ ದಾಟಿದ್ದು ಹಿಂದುಳಿದು ಬರೆಯುವ ಅಭ್ಯಾಸದಿಂದ. ಕಿವಿ ಈಗಿನ ಅಕ್ಷರ ಕೇಳುತ್ತಿರಬೇಕು, ಕೈ ಎರಡಕ್ಷರ ಹಿಂದಿನದನ್ನು ಬರೆಯುತ್ತಿರಬೇಕು. ಮೊದಲ ಕೆಲವು ವಾರ ಕಾಗದದ ತುಂಬಾ ಖಾಲಿ ಜಾಗ. ಚೀಫ್ ಬೈದರು. ಕೇಳಿದ ಕೂಡಲೇ ಬರೆಯುವವರು ನನಗಿಂತ ಎಷ್ಟೋ ಮುಂದಿದ್ದರು. ಆದರೆ ಹದಿನೆಂಟರ ವೇಗ ಬಂದಾಗ ಅವರು ನಿಂತರು, ನಾನು ನಿಲ್ಲಲಿಲ್ಲ. ಇಪ್ಪತ್ತೈದರ ಮೇಲೂ ಹೋದೆ. ಆ ಕೊನೆಯ ಹಂತಕ್ಕೆ ಬೇರೊಂದು ಉಪಾಯ ಇದೆ. ಅದನ್ನು ನನ್ನ ಪಕ್ಕ ಕೂತು ಕಲಿತ ಹುಡುಗರಿಗೆ ಮಾತ್ರ ಹೇಳಿಕೊಟ್ಟಿದ್ದೇನೆ, ಇಲ್ಲಿ ಬರೆಯುವುದಿಲ್ಲ.

ಹಡಗಿಗೆ ಬಂದ ಮೇಲೆ ಆಫೀಸರ್ ಆಗುವ ಆಸೆ ಗಟ್ಟಿಯಾಯಿತು. ಕೆಲಸದಲ್ಲಿ ಕೊರತೆ ಇರಲಿಲ್ಲ. ಕೊರತೆ ಇದ್ದದ್ದು ಇಂಗ್ಲಿಷ್‌ನಲ್ಲಿ. ರಜೆಯಲ್ಲಿ ಒಂದು ಕೋಚಿಂಗ್ ಕ್ಲಾಸ್ ಸೇರಿದೆ. ಆಗ ಕೈಗೆ ಬರುತ್ತಿದ್ದದ್ದು ತಿಂಗಳಿಗೆ ಸಾವಿರದ ಆಸುಪಾಸು, ಫೀಸಿಗೇ ಒಂದೂವರೆ ತಿಂಗಳ ಸಂಬಳ ಹೋಯಿತು. ಕೊಟ್ಟಿದ್ದು ಬಾಯಿಪಾಠ ಮಾಡಲು ಒಂದಿಷ್ಟು ಜೆರಾಕ್ಸ್ ಹಾಳೆ. ಮೊದಲ ಸಲದ ಬೋರ್ಡ್‌ನಲ್ಲಿ ಆ ಹಾಳೆಯ ಒಂದು ಪ್ರಶ್ನೆಯೂ ಬರಲಿಲ್ಲ. ವಾಪಸ್ ಕಳಿಸಿದರು. ಊರಿಗೆ ಮನಿಆರ್ಡರ್ ಕಡಿಮೆಯಾಗಿ ಅಪ್ಪ ಪತ್ರ ಬರೆದು ಕಾರಣ ಕೇಳಿದ್ದು ಮಾತ್ರ ಜಾಸ್ತಿ ನೋಯಿಸಿತು.

ಆಮೇಲೆ ಮೋರ್ಸ್ ದಾರಿಯನ್ನೇ ಹಿಡಿದೆ. ಮುನ್ನೂರು ನಾನೂರು ರೂಪಾಯಿಯ ಒಂದು ಟ್ರಾನ್ಸಿಸ್ಟರ್ ತಗೊಂಡೆ. ಡ್ಯೂಟಿಯ ರಿಸೀವರ್‌ನಲ್ಲಿ ಸ್ವಂತ ಕೆಲಸ ಮಾಡುವಂತಿಲ್ಲ. ನಾವಿಕರು ಮಲಗುವ ಮೆಸ್‌ಡೆಕ್ಕಿನಲ್ಲಿ ಸುತ್ತ ಉಕ್ಕು, ಒಂದು ಸ್ಟೇಷನ್ನೂ ಸಿಗುವುದಿಲ್ಲ. ಹಾಗಾಗಿ ವಾಚ್ (ಪಾಳಿ) ಮುಗಿಸಿ ಮೇಲಿನ ಡೆಕ್ಕಿಗೆ ಹೋಗಿ ಕೂರುತ್ತಿದ್ದೆ. ಶುರು ಮಾಡಿದ್ದು ಆಕಾಶವಾಣಿಯ ರಾತ್ರಿ 9ರ ಇಂಗ್ಲಿಷ್ ವಾರ್ತೆಯಿಂದ. ವೇಗಕ್ಕೆ ಕೈ ಹತ್ತಲೇ ಇಲ್ಲ. ಆಗ ಸಿಕ್ಕಿದ್ದು ವಾಯ್ಸ್ ಆಫ್ ಅಮೆರಿಕದ ಸ್ಪೆಷಲ್ ಇಂಗ್ಲಿಷ್. ಸುಮಾರು 1,500 ಪದಗಳೊಳಗೇ ಓದುತ್ತಿದ್ದರು, ಅದೂ ಮಾಮೂಲಿ ವಾರ್ತೆಗಿಂತ ಮೂರನೇ ಒಂದು ಪಾಲು ನಿಧಾನವಾಗಿ. ಒಂದು ವಾಕ್ಯ ಪೂರ್ತಿ ಕೇಳುವುದು, ಎರಡನೆಯದು ಕಿವಿಗೆ ಬೀಳುತ್ತಿರುವಾಗ ಮೊದಲನೆಯದನ್ನು ಬರೆಯುವುದು. ಅದೇ ಎರಡಕ್ಷರದ ಆಟ, ಅಕ್ಷರದ ಬದಲು ವಾಕ್ಯ. ಅದು ಕೈಗೆ ಕೂತ ಮೇಲೆ ಆಕಾಶವಾಣಿಗೆ ಮರಳಿದೆ.

ಬರೆದದ್ದನ್ನು ಮರುದಿನ ಸಿಗ್ನಲ್ ಥರ, ಅಂದರೆ ಹಡಗಿನಿಂದ ಕಳಿಸುವ ಚುಟುಕು ಸಂದೇಶದ ಥರ, ಕತ್ತರಿಸುತ್ತಿದ್ದೆ. ಯಾರು, ಎಲ್ಲಿ, ಯಾವಾಗ, ಏನು ಬೇಕು. ನೂರು ಪದದ ಸುದ್ದಿ ಇಪ್ಪತ್ತಕ್ಕೆ ಇಳಿಯಬೇಕು, ಅರ್ಥ ಮಾತ್ರ ಕಳೆಯಬಾರದು. ನೋಟ್‌ಬುಕ್ಕಿನ ಎಡ ಪುಟ ಪೂರ್ತಿ ವಾರ್ತೆ, ಬಲ ಪುಟದಲ್ಲಿ ನನ್ನ ಸಿಗ್ನಲ್. ವರ್ಷ ಕಳೆಯುವಷ್ಟರಲ್ಲಿ ಅಂಥ ದಪ್ಪ ಪುಸ್ತಕ ಏಳೆಂಟು ಆಗಿರಬೇಕು.

ಈ ದಿನಗಳಲ್ಲೇ ಇನ್ನೊಂದು ಪ್ರಯೋಗದ ಹುಚ್ಚೂ ಹತ್ತಿತ್ತು. ಮಳೆಗಾಲದ ಅರಬ್ಬಿ ಸಮುದ್ರದಲ್ಲಿ ವಿಪ್ ಆಂಟೆನಾದ (ನೆಟ್ಟಗೆ ನಿಂತ ಕೋಲಿನಂಥ ಆಂಟೆನಾ) ಬುಡದ ಇನ್ಸುಲೇಟರ್ ಮೇಲೆ ಉಪ್ಪು ಬಿಳಿ ಪೊರೆಯಂತೆ ಕಟ್ಟುತ್ತದೆ. ತೇವ ತಗುಲಿದರೆ ಕರೆಂಟ್ ಅದರ ಮೇಲೇ ಹರಿದು ಟ್ರಾನ್ಸ್‌ಮಿಟರ್ ಟ್ರಿಪ್ ಆಗುತ್ತದೆ. ಸಿಹಿನೀರಿನಲ್ಲಿ ತೊಳೆದು ಒರೆಸುವುದು ಮಾಮೂಲಿ. ನಾನು ಸಿಲಿಕೋನ್ ಗ್ರೀಸ್ ಸವರಿ ನೋಡಿದೆ. ಕೆಲವು ದಿನ ಭಲೇ ಅನ್ನಿಸಿತು. ಆಮೇಲೆ ಫನೆಲ್‌ನ (ಹಡಗಿನ ಹೊಗೆಕೊಳವೆ) ಮಸಿ ಬಂದು ಅದಕ್ಕೆ ಅಂಟಿಕೊಂಡು ಉಪ್ಪಿಗಿಂತ ಕಷ್ಟ ಕೊಟ್ಟಿತು. ಫನೆಲ್‌ನಿಂದ ದೂರದ ಆಂಟೆನಾಕ್ಕೆ ಮಾತ್ರ ಅದು ಒಗ್ಗುತ್ತದೆ.

ಎರಡನೇ ಸಲದ ಬೋರ್ಡ್‌ನಲ್ಲಿ ನಾನು ಮಾಡಿದ್ದು ಇಷ್ಟೇ. ಪ್ರಶ್ನೆ ಮುಗಿಯುವವರೆಗೆ ಬಾಯಿ ತೆರೆಯಲಿಲ್ಲ. ಮನಸ್ಸಿನಲ್ಲಿ ಸಿಗ್ನಲ್ ಬರೆದುಕೊಂಡು ಚಿಕ್ಕ ಚಿಕ್ಕ ವಾಕ್ಯದಲ್ಲಿ ಉತ್ತರ ಕೊಟ್ಟೆ. ಪಕ್ಕದವರ ಇಂಗ್ಲಿಷ್ ನನ್ನದಕ್ಕಿಂತ ಚೆನ್ನಾಗಿತ್ತು, ಆದರೆ ಅವರು ಪ್ರಶ್ನೆ ಅರ್ಧಕ್ಕೆ ಬರುವಷ್ಟರಲ್ಲೇ ಉತ್ತರಿಸುತ್ತಿದ್ದರು. ಆ ಸಲ ಪಟ್ಟಿಯಲ್ಲಿ ನನ್ನ ಹೆಸರು ಬಂತು. ಸ್ಪೆಷಲ್ ಡ್ಯೂಟೀಸ್ ಆಫೀಸರ್ (ನಾವಿಕರಿಂದಲೇ ಆರಿಸುವ ಅಧಿಕಾರಿ) ಆಗಿ ಭುಜಕ್ಕೆ ಪಟ್ಟಿ ಏರಿತು. "ಟೈಮ್ ಹಾಳು ಮಾಡ್ಕೋಬೇಡ" ಅಂದಿದ್ದ ಸೀನಿಯರ್ ಮೊದಲ ಸೆಲ್ಯೂಟ್ ಹೊಡೆದು ತಬ್ಬಿಕೊಂಡರು. ಯೂನಿಫಾರ್ಮ್ ಹೊಲಿಸುವುದಕ್ಕೆ ಸಾಲ ಕೊಟ್ಟವರೂ ಅವರೇ.

ಮುಂದಿನ ವರ್ಷಗಳಲ್ಲಿ ಕೆಲಸವೇ ಬದಲಾಯಿತು. 1999ರ ಫೆಬ್ರವರಿಯಲ್ಲಿ ಜಿಎಂಡಿಎಸ್‌ಎಸ್ (ಹಡಗುಗಳ ಜಾಗತಿಕ ಅಪಾಯ-ಸಂದೇಶ ವ್ಯವಸ್ಥೆ) ಪೂರ್ತಿ ಜಾರಿಗೆ ಬಂದ ಮೇಲೆ ವ್ಯಾಪಾರಿ ಹಡಗುಗಳ ಮೋರ್ಸ್ ಮೌನವಾಯಿತು. 2013ರ ಆಗಸ್ಟ್‌ನಲ್ಲಿ ನೌಕಾಪಡೆಗಾಗಿಯೇ ಜಿಸ್ಯಾಟ್-7 ಉಪಗ್ರಹ ಹಾರಿತು. ನಾವು ರುಕ್ಮಿಣಿ ಅನ್ನುತ್ತೇವೆ. ಹುಡುಗರಿಗೆ ಈಗ ಕೀಬೋರ್ಡ್ ಸಾಕು. ಆದರೂ ನನ್ನ ಕೈಕೆಳಗೆ ಬಂದವರಿಗೆಲ್ಲ ಎಡ ಪುಟ, ಬಲ ಪುಟದ ನೋಟ್‌ಬುಕ್ ಕಡ್ಡಾಯ ಮಾಡಿದೆ. ಗೊಣಗಿದರು. ಅವರಲ್ಲಿ ಮೂವರೋ ನಾಲ್ವರೋ ಈಗ ಆಫೀಸರ್‌ಗಳು.

ಮಾಡಿ ನೋಡುವವರು ದಿನಕ್ಕೆ ಹತ್ತೇ ನಿಮಿಷದ ವಾರ್ತೆ ತಗೊಳ್ಳಿ, ಜಾಸ್ತಿ ಬೇಡ. ರೆಕಾರ್ಡ್ ಮಾಡಿಕೊಂಡು ಮಧ್ಯೆ ನಿಲ್ಲಿಸಿ ಬರೆದರೆ ಪ್ರಯೋಜನವಿಲ್ಲ, ಓಡುತ್ತಿರುವ ದನಿಯೇ ಬೇಕು. ಕೈ ಹಿಂದೆಬಿದ್ದರೆ ಆ ವಾಕ್ಯ ಬಿಟ್ಟು ಮುಂದಿನದಕ್ಕೆ ಹೋಗಿ. ಖಾಲಿ ಜಾಗ ಖಾಲಿಯೇ ಇರಲಿ, ಆಮೇಲೆ ತುಂಬಬೇಡಿ.