ಎಡಕುಮೇರಿ ನಿಲ್ದಾಣವನ್ನು 1:100ರಲ್ಲಿ ಕಟ್ಟಿದ ನನ್ನ ಅನುಭವ

ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯ ಎಡಕುಮೇರಿ ರೈಲು ನಿಲ್ದಾಣದ ಮಾದರಿಯನ್ನು 1:100 ಪ್ರಮಾಣದಲ್ಲಿ (ನಿಜದ ನೂರನೇ ಒಂದು ಅಳತೆಯಲ್ಲಿ) ಕಟ್ಟುತ್ತೇನೆಂದಾಗ ರೈಲು ಮಾದರಿ ಕಟ್ಟುವ ನಮ್ಮ ಬಳಗದ ಹಿರಿಯರು ಎರಡು ಆಕ್ಷೇಪ ಎತ್ತಿದರು. ಸರಿಯಾದ ರಸ್ತೆಯಿಲ್ಲದ, ಹಳಿಯ ಮೇಲೆ ನಡೆದು ಹೋಗುವುದಕ್ಕೆ ನಿಷೇಧವಿರುವ ಜಾಗವನ್ನು ಟೇಪು ಹಿಡಿಯದೆ ಅಳೆಯುವುದು ಹೇಗೆ ಎಂಬುದು ಒಂದು. ಆ ಪ್ರಮಾಣದಲ್ಲಿ ನಮ್ಮ ಗಾಡಿಗಳು ಸಿದ್ಧವಾಗಿ ಸಿಗದಿರುವಾಗ ಎಚ್‌ಒ (ರೈಲು ಮಾದರಿಗಳಲ್ಲಿ ಹೆಚ್ಚು ಬಳಕೆಯ 1:87 ಪ್ರಮಾಣ) ಬಿಡುವುದೇಕೆ ಎಂಬುದು ಇನ್ನೊಂದು. ಈಗ ಗಾಡಿ ಓಡುತ್ತಿದೆ, ಆದ್ದರಿಂದ ಬರೆಯುತ್ತಿದ್ದೇನೆ.

ಎರಡನೆಯದಕ್ಕೆ ಉತ್ತರ ಸುಲಭ. ಎಚ್‌ಒ ಹಳಿಗಳ ನಡುವಿನ 16.5 ಮಿ.ಮೀ. ಅಂತರ 1:87ರಲ್ಲಿ ನಿಜದ 1435 ಮಿ.ಮೀ. ಆಗುತ್ತದೆ; ನಮ್ಮ ಬ್ರಾಡ್‌ಗೇಜ್ 1676. ನಮ್ಮವರ ಮಾದರಿಗಳನ್ನು ಎದುರಿನಿಂದ ನೋಡಿದಾಗ ಬೋಗಿ ಹಳಿಗಿಂತ ವಿಪರೀತ ಅಗಲವೆನಿಸುವುದು ಇದರಿಂದಲೇ. ಅದೇ ಹಳಿಯನ್ನು 1:100 ಎಂದು ಎಣಿಸಿದರೆ 1650 ಆಗುತ್ತದೆ, ಕೊರತೆ ಬರೀ 26 ಮಿ.ಮೀ. ಮೇಲಾಗಿ ಇದು ವಾಸ್ತುಶಿಲ್ಪ ವಿದ್ಯಾರ್ಥಿಗಳು ಬಳಸುವ ಪ್ರಮಾಣವಾದ್ದರಿಂದ ಮರ, ಮನುಷ್ಯರು ಅಗ್ಗದಲ್ಲಿ ಸಿಗುತ್ತವೆ. ಬೋಗಿಗಳನ್ನು ಸ್ಟೈರೀನ್ ಎಂಬ ಪ್ಲಾಸ್ಟಿಕ್ ಹಾಳೆಯಲ್ಲಿ ನಾನೇ ಕತ್ತರಿಸಿದೆ; ಚಕ್ರ ಬಿಟ್ಟು ಒಂದಕ್ಕೆ ಸುಮಾರು ₹600 ಬಿದ್ದಿರಬೇಕು. ಐಸಿಎಫ್ (ಚೆನ್ನೈನ ಬೋಗಿ ಕಾರ್ಖಾನೆ) ಬೋಗಿಯ 915 ಮಿ.ಮೀ. ಚಕ್ರಕ್ಕೆ ಎಚ್‌ಒ ಅಮೆರಿಕನ್ ಗೂಡ್ಸ್ ವ್ಯಾಗನ್ನಿನ 9.6 ಮಿ.ಮೀ. ಚಕ್ರ ಹೆಚ್ಚುಕಡಿಮೆ ಹೊಂದುತ್ತದೆ. ಹಣ ನುಂಗಿದ್ದು ಎಂಜಿನ್. ಮೋಟಾರು, ಚಕ್ರಗಳಿರುವ ಸೆಕೆಂಡ್‌ಹ್ಯಾಂಡ್ ಎಚ್‌ಒ ಚಾಸಿಗಳೆರಡಕ್ಕೆ ₹18,000ದಷ್ಟು ಕೊಟ್ಟು, ಅವನ್ನು ನಡುವೆ ಕತ್ತರಿಸಿ ಗಿಡ್ಡ ಮಾಡಿದೆ. ಶಾಫ್ಟನ್ನು ನಡುಕವಿಲ್ಲದೆ ಹೇಗೆ ಜೋಡಿಸಿದೆ ಎಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಅಳತೆಯ ವಿಷಯದಲ್ಲಿ ನನಗೆ ನಿಜವಾಗಿ ಹೆಮ್ಮೆಯಿದೆ. ಒಂಟಿ ಹಳಿಯ ಮಾರ್ಗವಾದ್ದರಿಂದ ಎದುರು ಗಾಡಿಯ ಕ್ರಾಸಿಂಗ್‌ಗಾಗಿ ಹಗಲು ಗಾಡಿ ಅಲ್ಲಿ ನಿಲ್ಲುವುದುಂಟು. ಅದು ಮತ್ತೆ ಹೊರಟು ನಿಧಾನವಾಗಿ ಸರಿಯುವಾಗ ಕಿಟಕಿಯಿಂದ ಪಕ್ಕದ ಹಳಿಯ ವಿಡಿಯೊ ತೆಗೆದುಕೊಂಡು, ಮನೆಯಲ್ಲಿ ಸ್ಲೀಪರ್‌ಗಳನ್ನು (ಹಳಿಯಡಿಯ ಅಡ್ಡ ತೊಲೆಗಳನ್ನು) ಎಣಿಸಿದೆ; ಅವೇ ನನ್ನ ಅಳತೆಗೋಲು. ಕಿಲೋಮೀಟರಿಗೆ 1660 ಸ್ಲೀಪರ್ ಇದ್ದರೆ ಒಂದರಿಂದ ಇನ್ನೊಂದಕ್ಕೆ 60 ಸೆಂ.ಮೀ., ಅಂದರೆ ಮಾದರಿಯಲ್ಲಿ 6 ಮಿ.ಮೀ. ಆದರೆ ಮೊದಲ ಲೆಕ್ಕದಲ್ಲಿ ಕಟ್ಟಡವೇ ಕುಗ್ಗಿದಂತೆ ಬಂತು. ಕಾರಣ ಸಿಕ್ಕಿದ್ದು ಬೋಗಿಯಿಂದ: 21.3 ಮೀಟರ್ ಉದ್ದದ ಐಸಿಎಫ್ ಬೋಗಿಯ ಪಕ್ಕದಲ್ಲಿ 35 ಅಥವಾ 36 ಸ್ಲೀಪರ್ ಬರಬೇಕಾದಲ್ಲಿ 33 ಮಾತ್ರ ಇದ್ದವು. ನಾನು ಎಣಿಸಿದ ಹಳಿಯಲ್ಲಿ ಅಂತರ 65 ಸೆಂ.ಮೀ. ಇತ್ತು. ಅದನ್ನು ತಿದ್ದಿದ ಮೇಲೆ ಬಾಗಿಲು, ಕಿಟಕಿ, ನಾಮಫಲಕ ಎಲ್ಲವೂ ತಮ್ಮ ತಮ್ಮ ಜಾಗಕ್ಕೆ ಬಂದವು.

ಹುಲ್ಲಿನ ಹಸಿರು ಮಾತ್ರ ಬಹಳ ಸತಾಯಿಸಿತು. ತೆಂಗಿನ ನಾರನ್ನು ಸಣ್ಣಗೆ ಕತ್ತರಿಸಿ ಬಣ್ಣ ಹಾಕಿ ಉದುರಿಸಿದರೆ ಅದು ಮಲಗಿಯೇ ಇರುತ್ತದೆ, ನಿಲ್ಲುವುದಿಲ್ಲ. ನಿಜವಾದ ಪಾಚಿಯನ್ನು ಒಣಗಿಸಿ ಅಂಟಿಸಿದ್ದೂ ಆಯಿತು; ತಿಂಗಳೊಳಗೆ ಕಂದುಬಣ್ಣಕ್ಕೆ ತಿರುಗಿ ಪುಡಿಯಾಯಿತು. ಕೊನೆಗೆ ನೈಲಾನ್ ನಾರು, ಮತ್ತು ಸುಮಾರು ₹300ರ ಸೊಳ್ಳೆ ಬ್ಯಾಟಿನ ಸರ್ಕ್ಯೂಟು: ಒಂದು ತಂತಿ ಚಹಾ ಜಾಲರಿಗೆ, ಇನ್ನೊಂದು ಹಸಿ ಅಂಟಿನಲ್ಲಿ ಚುಚ್ಚಿದ ಮೊಳೆಗೆ. ಜಾಲರಿಯಲ್ಲಿ ನಾರು ತುಂಬಿ ಅಲ್ಲಾಡಿಸಿದಾಗ ವಿದ್ಯುತ್ತಿನ ಸೆಳೆತಕ್ಕೆ 4 ಮಿ.ಮೀ. ಎಳೆಗಳು ನೆಟ್ಟಗೆ ಎದ್ದು ನಿಂತವು. ಆಮದಾದ ಯಂತ್ರಕ್ಕೆ ಇದರ ಎಷ್ಟೋ ಪಟ್ಟು ಕೇಳುತ್ತಾರೆ. ಮಳೆಗೆ ಕಪ್ಪಾದ ಗೋಡೆಯ ಬಣ್ಣದ ಮಿಶ್ರಣವನ್ನು ಹೇಳುವುದಿಲ್ಲ. ಸೂರಿನ ಕೆಳಗಿನ ಒಂದು ಗೆರೆಗೆ ಮಾತ್ರ ಹೊಳಪಿನ ವಾರ್ನಿಷ್ ಹಚ್ಚಿ ನೋಡಿ, ಅಷ್ಟು ಸಾಕು.

ಮೊದಲ ಮಳೆಗಾಲದಲ್ಲಿ 12 ಮಿ.ಮೀ. ಪ್ಲೈವುಡ್ ತೇವಕ್ಕೆ ಉಬ್ಬಿ, ಹಳಿಯ ಜೋಡಣೆಗಳು ಸೊಟ್ಟಗಾಗಿ, ಗಾಡಿ ಒಂದೇ ಕಡೆ ಪದೇ ಪದೇ ಹಳಿ ತಪ್ಪುತ್ತಿತ್ತು. ಹಲಗೆಯ ಆರೂ ಮುಖಗಳಿಗೆ, ವಿಶೇಷವಾಗಿ ಕತ್ತರಿಸಿದ ಅಂಚುಗಳಿಗೆ, ಬಣ್ಣ ಬಳಿದ ನಂತರ ಆ ಕಾಟ ನಿಂತಿತು.

ಘಾಟಿಯ 1:50 ಏರನ್ನು, ಅಂದರೆ ಮೀಟರಿಗೆ 2 ಸೆಂ.ಮೀ., ಹಾಗೆಯೇ ಉಳಿಸಿಕೊಂಡಿದ್ದೇನೆ. ಒಂದು ಎಂಜಿನ್ ನಾಲ್ಕು ಬೋಗಿಗಳನ್ನು ಎಳೆದು ಹತ್ತುತ್ತದೆ, ಐದನೆಯದಕ್ಕೆ ಚಕ್ರ ಜಾರುತ್ತದೆ. ಹಿಂದೆ ಬ್ಯಾಂಕರ್ (ತಳ್ಳುವ ಎಂಜಿನ್) ಹಾಕಿದರೆ ಏಳು ಬೋಗಿಗಳೂ ಏರುತ್ತವೆ, ಆದರೆ ಹಿಂದಿನ ಎಂಜಿನ್ನಿನ ವೇಗ ಮುಂದಿನದಕ್ಕಿಂತ ಕೂದಲೆಳೆಯಷ್ಟು ಕಡಿಮೆ ಇರಬೇಕು. ಹೆಚ್ಚಾದರೆ ತಿರುವಿನಲ್ಲಿ ನಡುವಿನ ಬೋಗಿಗಳು ಹೊರಕ್ಕೆ ಮಗುಚುತ್ತವೆ.